ಕಡ್ಡಿಯೋ, ಕ್ರೋಶಾವೋ? ಮುಗಿಸುವ ಕೆಲಸ ನೋಡಿ ಹೆಣಿಗೆ ಆರಿಸಿಕೊಳ್ಳಿ

ಹೊಸದಾಗಿ ಹೆಣಿಗೆ ಕಲಿಯುವವರು ಕೇಳುವುದೆಲ್ಲ ಮೊದಲ ಸಾಲಿನ ಬಗ್ಗೆಯೇ. ಯಾವುದು ಸುಲಭ? ಯಾವುದು ಬೇಗ ಕೈಗೆ ಬರುತ್ತದೆ? ಎಷ್ಟನೇ ನಂಬರಿನ ಕಡ್ಡಿ ತಗೊಳ್ಳಲಿ? ನನಗೆ ಕೇಳಿದರೆ ಕೊನೆಯ ಸಾಲಿನ ಬಗ್ಗೆ ಮೊದಲು ಯೋಚಿಸಬೇಕು. ಹೆಣೆದಾದ ಮೇಲೆ ಎಷ್ಟು ತುಂಡು ಜೋಡಿಸಬೇಕು? ಎಷ್ಟು ನೂಲಿನ ತುದಿ ಒಳಗೆ ಸೇರಿಸಬೇಕು? ಒಗೆದ ಮೇಲೆ ಎಲ್ಲಿ ಒಣಗಿಸಬೇಕು? ಎಷ್ಟೋ ಮನೆಗಳಲ್ಲಿ ಟ್ರಂಕಿನ ತಳದಲ್ಲಿ ಒಂದು ಚೀಲ ಇರುತ್ತದೆ. ಅದರಲ್ಲಿ ಒಂದೇ ತೋಳಿನ ಸ್ವೆಟರ್, ಬೆನ್ನು ಮತ್ತು ಮುಂಭಾಗ ಮುಗಿದರೂ ಹೊಲಿಯದೆ ಉಳಿದ ಜಾಕೆಟ್, ಜೋಡಿಸದ ಚೌಕಗಳ ಕಂತೆ ಇರುತ್ತವೆ. ಹೆಣೆದವರಿಗೆ ಕೈಕೆಲಸ ಚೆನ್ನಾಗಿಯೇ ಬರುತ್ತಿತ್ತು. ಮುಗಿಸುವ ಕೆಲಸ ಇಷ್ಟಿದೆ ಅಂತ ಮೊದಲೇ ಯಾರೂ ಹೇಳಿರಲಿಲ್ಲ, ಅಷ್ಟೇ.

ಅದಕ್ಕೇ ಇಲ್ಲಿ ಪ್ರತಿಯೊಂದು ಆಯ್ಕೆಯನ್ನೂ ಕೊನೆಯ ಕಡೆಯಿಂದ ನೋಡಿ ಹೋಲಿಸಿದ್ದೇನೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ನಮ್ಮ ಹವೆಗೆ, ನಮ್ಮ ಮನೆಗಳ ಬಳಕೆಗೆ ಹೊಂದುವ ಹಾಗೆ. ಶಿಮ್ಲಾದ ಚಳಿಗೆ ಹೇಳಿದ ಮಾತು ಗದಗಿನ ಬಿಸಿಲಿಗೆ ಒಗ್ಗುವುದಿಲ್ಲ, ಅಲ್ವಾ?

ಎರಡು ಕಡ್ಡಿಯೋ, ಒಂದು ಕೊಕ್ಕೆಯೋ

ಎರಡು ಕಡ್ಡಿಯ ಹೆಣಿಗೆಯಲ್ಲಿ ಆ ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ತೆರೆದೇ ಇರುತ್ತವೆ. ನೂರು ಕುಣಿಕೆ ಏರಿಸಿದ್ದರೆ ನೂರನ್ನೂ ಕಾಯಬೇಕು. ಒಂದು ಜಾರಿದರೆ ಅದರ ಕೆಳಗಿನ ಸಾಲುಗಳೂ ಒಂದೊಂದಾಗಿ ಬಿಚ್ಚಿಕೊಳ್ಳುತ್ತಾ ಹೋಗುತ್ತವೆ. ಒಂದೇ ಕೊಕ್ಕೆಯಿಂದ ಹೆಣೆಯುವ ಕ್ರೋಶಾದಲ್ಲಿ ಹಾಗಲ್ಲ, ತೆರೆದಿರುವುದು ಒಂದೇ ಕುಣಿಕೆ. ಕುಕ್ಕರ್ ಕೂಗಿತು, ಮಗು ಎದ್ದಿತು ಅಂದರೆ ಆ ಒಂದು ಕುಣಿಕೆಗೆ ಸೇಫ್ಟಿ ಪಿನ್ ಹಾಕಿ ಎದ್ದು ಹೋಗಬಹುದು. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಓಡಾಡುವವರು ದಾರಿಯಲ್ಲಿ ಹೆಣೆಯಬೇಕೆಂದರೆ ಕ್ರೋಶಾನೇ ಸರಿ. ಒಂದು ಕೊಕ್ಕೆ, ಒಂದು ಉಂಡೆ, ಪಕ್ಕದವರಿಗೆ ಕಡ್ಡಿ ತಾಗುವ ಭಯ ಇಲ್ಲ.

ಬಟ್ಟೆಯ ಗುಣ ಮಾತ್ರ ಬೇರೆ. ಕಡ್ಡಿಯಲ್ಲಿ ಹೆಣೆದದ್ದು ಹಿಗ್ಗುತ್ತದೆ, ಮೈಗೆ ಕೂರುತ್ತದೆ, ತೆಳ್ಳಗೂ ಬರುತ್ತದೆ. ಕ್ರೋಶಾ ದಪ್ಪ, ಗಟ್ಟಿ, ಹಿಗ್ಗುವುದು ಕಡಿಮೆ. ಅಷ್ಟೇ ಅಗಲದ ಬಟ್ಟೆಗೆ ಸುಮಾರು ಮೂರರಲ್ಲೊಂದು ಭಾಗ ಉಲ್ಲನ್ ಜಾಸ್ತಿ ತಿನ್ನುತ್ತದೆ. ಹಾಗಾಗಿ ಸ್ವೆಟರ್, ಕಾಲುಚೀಲ, ಕೈಗವಸು ಇವೆಲ್ಲ ಕಡ್ಡಿಗೆ ಬಿಡಿ. ಬಾಗಿಲ ತೋರಣ, ಚೀಲ, ಟೇಬಲ್ ಮೇಲಿನ ಹೊದಿಕೆ, ಟೋಪಿ ಇವು ಕ್ರೋಶಾಕ್ಕೆ.

ಮುಗಿಸುವುದರಲ್ಲಿ ಕ್ರೋಶಾಕ್ಕೆ ಒಂದು ದೊಡ್ಡ ಅನುಕೂಲ ಇದೆ. ಕೊನೆಯ ಕುಣಿಕೆಯಿಂದ ನೂಲು ಎಳೆದು ಕತ್ತರಿಸಿದರೆ ಆಯಿತು. ಕಡ್ಡಿಯಲ್ಲಿ ಎಲ್ಲ ಕುಣಿಕೆಗಳನ್ನೂ ಒಂದೊಂದಾಗಿ ಮುಚ್ಚಬೇಕು. ಆ ಮುಚ್ಚುವ ಸಾಲು ಬಿಗಿಯಾದರೆ ಕೊರಳಲ್ಲಿ ತಲೆಯೇ ತೂರುವುದಿಲ್ಲ. ಇದಕ್ಕೆ ಸುಲಭದ ದಾರಿ, ಮುಚ್ಚುವಾಗ ಬಲಗೈಗೆ ಎರಡು ಸೈಜು ದಪ್ಪದ ಕಡ್ಡಿ ಹಿಡಿಯುವುದು.

ಆದರೆ ಕ್ರೋಶಾದಲ್ಲೂ ಒಂದು ಬಲೆ ಇದೆ. ಬಣ್ಣಬಣ್ಣದ ಚೌಕಗಳ ಹೊದಿಕೆ ನೋಡಿ ಎಲ್ಲರಿಗೂ ಆಸೆಯಾಗುತ್ತದೆ. ಒಂದು ಚೌಕ ಅರ್ಧ ಗಂಟೆಯ ಕೆಲಸ, ಹೊಸಬರಿಗೂ ಬರುತ್ತದೆ. ಈಗ ಲೆಕ್ಕ ಹಾಕಿ. ಒಂದು ಚೌಕದಲ್ಲಿ ನಾಲ್ಕು ಬಣ್ಣ ಇದ್ದರೆ ಒಂದೊಂದು ಬಣ್ಣಕ್ಕೂ ಎರಡು ತುದಿ, ಒಟ್ಟು ಎಂಟು. ನೂರು ಚೌಕಕ್ಕೆ 800 ತುದಿ. ಅದರ ಮೇಲೆ ಚೌಕಗಳನ್ನು ಜೋಡಿಸುವ ಕೆಲಸ. ಟ್ರಂಕಿನಲ್ಲಿ ಉಳಿಯುವ ಕಂತೆಗಳು ಹುಟ್ಟುವುದೇ ಇಲ್ಲಿ. ಹೊದಿಕೆಯೇ ಬೇಕೆಂದರೆ ಒಂದೇ ಚೌಕವನ್ನು ನಡುವಿನಿಂದ ಸುತ್ತುತ್ತಾ ದೊಡ್ಡದು ಮಾಡಿ. ನೋಡಲು ಅದೇ ಅಂದ, ತುದಿಗಳು ಬೆರಳಲ್ಲಿ ಎಣಿಸುವಷ್ಟು. ಬಿಡಿ ಚೌಕಗಳೇ ಬೇಕೆಂದರೆ ಕೊನೆಯ ಸುತ್ತು ಹೆಣೆಯುವಾಗಲೇ ಪಕ್ಕದ ಚೌಕಕ್ಕೆ ಸೇರಿಸಿಕೊಳ್ಳುತ್ತಾ ಹೋಗಿ, ಜೋಡಣೆಯನ್ನು ಕೊನೆಗೆ ಉಳಿಸಿಕೊಳ್ಳಬೇಡಿ.

ಕುಲಾವಿ ಮತ್ತು ಕುಂಚಿಗೆ: ಮೊದಲ ಕೆಲಸಕ್ಕೆ ಯಾವುದು?

ನಮ್ಮ ಕಡೆ ತೊಟ್ಟಿಲ ಕಾರ್ಯಕ್ಕೆ ಕೈಯಲ್ಲಿ ಮಾಡಿದ ಕುಲಾವಿ, ಕುಂಚಿಗೆ ಕೊಡುವ ಪದ್ಧತಿ ಇನ್ನೂ ಇದೆ. ಕಲಿಯುವವರಿಗೆ ಇವೆರಡಕ್ಕಿಂತ ಒಳ್ಳೆಯ ಮೊದಲ ಕೆಲಸ ನನಗೆ ಗೊತ್ತಿಲ್ಲ. ಚಿಕ್ಕದು, ಬೇಗ ಮುಗಿಯುತ್ತದೆ, ಕೊಡಬೇಕಾದ ದಿನ ಗೊತ್ತಿರುವುದರಿಂದ ಮುಂದಕ್ಕೆ ಹಾಕಲೂ ಆಗುವುದಿಲ್ಲ.

ಕುಲಾವಿಗೆ ಕ್ರೋಶಾ ಹಿಡಿಯಿರಿ. ನೆತ್ತಿಯಿಂದ ಶುರು. ಮೊದಲ ಸುತ್ತಿಗೆ ಆರು ಕುಣಿಕೆ, ಆಮೇಲೆ ಪ್ರತಿ ಸುತ್ತಿಗೂ ಆರು ಹೆಚ್ಚಿಸುತ್ತಾ 12, 18, 24 ಹೀಗೆ. ಚಪ್ಪಟೆ ಬಿಲ್ಲೆ ಬೆಳೆಯುತ್ತದೆ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್. ಅದನ್ನು 3.14ರಿಂದ ಭಾಗಿಸಿದರೆ 11. ಬಿಲ್ಲೆಯ ಅಡ್ಡಳತೆ 11 ಸೆಂಟಿಮೀಟರ್ ಮುಟ್ಟಿದ ಕೂಡಲೇ ಹೆಚ್ಚಿಸುವುದನ್ನು ನಿಲ್ಲಿಸಿ, ಸುಮ್ನೆ ಸುತ್ತುತ್ತಾ ಹೋಗಿ. ಬಿಲ್ಲೆ ತಾನಾಗಿ ಕೆಳಗೆ ಇಳಿದು ಟೋಪಿಯಾಗುತ್ತದೆ. ಜೋಡಣೆ ಇಲ್ಲ, ತುದಿ ಎರಡೇ.

ಕುಂಚಿಗೆಗೆ ಕಡ್ಡಿ ಒಳ್ಳೆಯದು. ತಲೆಯ ಜೊತೆಗೆ ಬೆನ್ನನ್ನೂ ಮುಚ್ಚುವ ಬಟ್ಟೆ ಅದು, ಮೆತ್ತಗೆ ಇಳಿಬೀಳಬೇಕು. ಎರಡೂ ಕಡೆಯಿಂದ ಸೀದಾ ಕುಣಿಕೆಯನ್ನೇ (ನಿಟ್) ಹೆಣೆಯುತ್ತಾ ಉದ್ದದ ಪಟ್ಟಿ ಮಾಡಿ, ತಲೆಯ ಭಾಗ ಮಡಚಿ ಒಂದೇ ಕಡೆ ಹೊಲಿದರೆ ಮುಗಿಯಿತು. ಇಲ್ಲಿ ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ (ಪರ್ಲ್) ಹೆಣೆಯಲು ಹೋಗಬೇಡಿ, ಆ ಬಟ್ಟೆಯ ಅಂಚು ಸುರುಳಿ ಸುತ್ತುತ್ತದೆ. ಎಲ್ಲ ಸಾಲೂ ಸೀದಾ ಆದರೆ ಅಂಚು ಸಪಾಟಾಗಿ ಕೂರುತ್ತದೆ, ಬೇರೆ ಬಾರ್ಡರ್ ಬೇಕಾಗುವುದಿಲ್ಲ.

ನೂಲು: ಅಕ್ರಿಲಿಕ್, ಹತ್ತಿ, ಉಣ್ಣೆ

ಅಂಗಡಿಯಲ್ಲಿ ಉಲ್ಲನ್ ಕೇಳಿದರೆ ಕೊಡುವುದು ಬಹುತೇಕ ಅಕ್ರಿಲಿಕ್. ಲುಧಿಯಾನಾದ ವರ್ಧಮಾನ್, ಗಂಗಾ ಕಂಪನಿಗಳ ಉಂಡೆಗಳೇ ನಮ್ಮ ಪೇಟೆಯಲ್ಲಿ ಹೆಚ್ಚು. ಬೆಲೆ ಕಡಿಮೆ, ಬಣ್ಣ ಬೇಕಾದಷ್ಟು, ಮಷಿನ್‌ನಲ್ಲಿ ಒಗೆಯಬಹುದು, ಹುಳ ತಿನ್ನುವುದಿಲ್ಲ. ಕಲಿಯಲು ಇದೇ ಸಾಕು. ಆದರೆ ಇಸ್ತ್ರಿ ತಾಗಿಸಬಾರದು. ಬಿಸಿಗೆ ಅದು ಮೆದುವಾಗಿ ಹಿಗ್ಗಿ ಜೋಲುತ್ತದೆ, ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ.

ಚಿಕ್ಕ ಮಗುವಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಹತ್ತಿಯನ್ನೇ ಬಳಸಿ. ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಗೆ ಇಡುತ್ತೇವೆ, ಎಣ್ಣೆ ನೀರು ಹಾಕಿದ ಮೇಲೆ ಲೋಬಾನದ ಹೊಗೆ ಹಿಡಿಯುತ್ತೇವೆ. ಕೆಂಡದ ಕಿಡಿ ಹಾರಿದರೆ ಅಕ್ರಿಲಿಕ್ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಗೂ ಬೆಂಕಿ ಹತ್ತುತ್ತದೆ, ಎಚ್ಚರ ಬೇಕೇ ಬೇಕು. ಆದರೆ ಕರಗಿ ಅಂಟುವುದಿಲ್ಲ. ಜೊತೆಗೆ ಹತ್ತಿ ಬೆವರು ಹೀರುತ್ತದೆ. ಹುಬ್ಬಳ್ಳಿಯ ಏಪ್ರಿಲ್‌ನಲ್ಲಿ ಅಕ್ರಿಲಿಕ್ ಟೋಪಿ ಹಾಕಿದ ಮಗು ಕಿರಿಕಿರಿ ಮಾಡದೆ ಏನು ಮಾಡೀತು?

ಹತ್ತಿಯ ಕಷ್ಟ ಹೆಣೆಯುವಾಗ ಗೊತ್ತಾಗುತ್ತದೆ. ಅದು ಹಿಗ್ಗಿ ಕುಗ್ಗುವುದಿಲ್ಲ. ಹಾಗಾಗಿ ಬಿಗಿ ಹೆಚ್ಚುಕಮ್ಮಿಯಾದರೆ ಒಂದೊಂದು ಕುಣಿಕೆಯೂ ಬೇರೆಬೇರೆಯಾಗಿ ಎದ್ದು ಕಾಣುತ್ತದೆ. ತೂಕವೂ ಜಾಸ್ತಿ. ದೊಡ್ಡವರ ಉದ್ದದ ಜಾಕೆಟ್ ಹತ್ತಿಯಲ್ಲಿ ಮಾಡಿದರೆ ತನ್ನ ಭಾರಕ್ಕೇ ಕೆಳಗೆ ಇಳಿಯುತ್ತದೆ. ಟೇಬಲ್ ಹೊದಿಕೆಗೆ ತೆಳು ಕ್ರೋಶಾ ದಾರ ತರುವಾಗ ನಂಬರ್ ನೋಡಿ: ನಂಬರ್ ದೊಡ್ಡದಾದಷ್ಟೂ ದಾರ ತೆಳು. 20ರ ದಾರ 10ಕ್ಕಿಂತ ಸಣ್ಣ.

ಉಣ್ಣೆ ಹೆಣೆಯಲು ಎಲ್ಲಕ್ಕಿಂತ ಸುಖ. ತಪ್ಪುಗಳನ್ನು ಮುಚ್ಚಿಕೊಳ್ಳುತ್ತದೆ, ಒದ್ದೆ ಮಾಡಿ ಎಳೆದ ಆಕಾರಕ್ಕೆ ಕೂರುತ್ತದೆ. ಆದರೆ ಬಿಸಿನೀರಲ್ಲಿ ಹಾಕಿ ತಿಕ್ಕಿದರೆ ಕುಗ್ಗಿ ಗಟ್ಟಿಯಾಗುತ್ತದೆ. ಧಾರವಾಡದ ಡಿಸೆಂಬರ್ ಚಳಿಗೂ ತೆಳು ಉಣ್ಣೆ ಸಾಕು, ದಪ್ಪದ್ದು ವರ್ಷದಲ್ಲಿ ಕೆಲವೇ ದಿನ ಮೈಮೇಲೆ ಬರುತ್ತದೆ. ರಾಣೆಬೆನ್ನೂರು ಕಡೆ ಕುರುಬರು ಕರಿ ಕಂಬಳಿ ನೇಯುವ ನಮ್ಮ ದಖನಿ ಕುರಿಯ ಉಣ್ಣೆಯನ್ನು ಹೆಣೆಯಬಹುದಾ ಅಂತ ಕೆಲವರು ಕೇಳುತ್ತಾರೆ. ಅದು ಒರಟು, ಮಗ್ಗಕ್ಕೆ ಹೇಳಿ ಮಾಡಿಸಿದ್ದು. ಮೈಗೆ ತಾಗುವ ಸ್ವೆಟರಿಗೆ ಚುಚ್ಚುತ್ತದೆ.

ಯಾವ ನೂಲೇ ಇರಲಿ, ಲೇಬಲ್ ಮೇಲಿನ ಡೈ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ನೂಲಿನ ಗುರುತು) ಒಂದೇ ಇರುವ ಉಂಡೆಗಳನ್ನು ಒಟ್ಟಿಗೇ ತನ್ನಿ. ಅರ್ಧಕ್ಕೆ ನೂಲು ಮುಗಿದು ಮತ್ತೆ ತಂದದ್ದು ಅಂಗಡಿಯಲ್ಲಿ ಅದೇ ಬಣ್ಣ ಅನ್ನಿಸುತ್ತದೆ. ಮನೆಗೆ ತಂದು ಹೆಣೆದ ಮೇಲೆ ಬಿಸಿಲಿಗೆ ಹಿಡಿದರೆ ಪಟ್ಟೆ ಕಾಣುತ್ತದೆ.

ತುಂಡು ತುಂಡಾಗಿಯೋ, ಇಡಿಯಾಗಿಯೋ

ಇದು ಸ್ವೆಟರ್ ಹೆಣೆಯುವವರು ಮಾಡಬೇಕಾದ ಅತಿ ಮುಖ್ಯ ಆಯ್ಕೆ. ನಮ್ಮಲ್ಲಿ ಹೆಚ್ಚಿನವರು ಕಲಿತದ್ದು ಉದ್ದ ಕಡ್ಡಿಯಲ್ಲಿ, ಕೆಳಗಿನ ಬಾರ್ಡರಿನಿಂದ ಮೇಲಕ್ಕೆ. ಬೆನ್ನು ಒಂದು, ಮುಂಭಾಗ ಒಂದು, ತೋಳು ಎರಡು, ಕೊನೆಗೆ ಹೊಲಿಗೆ. ಇದರಲ್ಲಿ ಒಳ್ಳೆಯದಿದೆ. ಪ್ರತಿ ತುಂಡೂ ಹಗುರ, ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಹೊಲಿಗೆಯಿಂದ ಭುಜ, ಬಗಲು ಗಟ್ಟಿ ನಿಲ್ಲುತ್ತವೆ. ಭಾರದ ಜಾಕೆಟ್‌ಗೆ ಆ ಗಟ್ಟಿತನ ಬೇಕು.

ಇನ್ನೊಂದು ದಾರಿ ಕೇಬಲ್ ಇರುವ ಸುತ್ತುಕಡ್ಡಿ. ಕೊರಳಿನಿಂದ ಶುರು ಮಾಡಿ ಕೆಳಗೆ ಇಳಿಯುವುದು, ಭುಜದ ನಾಲ್ಕು ಗೆರೆಗಳಲ್ಲಿ ಕುಣಿಕೆ ಹೆಚ್ಚಿಸುತ್ತಾ ಹೋಗುವುದು. ಇದನ್ನು ರಾಗ್ಲಾನ್ ಅನ್ನುತ್ತಾರೆ. ಬಗಲು ಮುಟ್ಟಿದ ಮೇಲೆ ತೋಳಿನ ಕುಣಿಕೆಗಳನ್ನು ಬೇರೆ ನೂಲಿಗೆ ಏರಿಸಿಟ್ಟು ಮೈಭಾಗ ಸುತ್ತುವುದು. ಆಮೇಲೆ ತೋಳು. ಹೊಲಿಗೆ ಬಹುತೇಕ ಇಲ್ಲ. ಹೆಣೆಯುತ್ತಿರುವಾಗಲೇ ಹಾಕಿ ನೋಡಬಹುದು. ಕೊನೆಯ ಕುಣಿಕೆ ಮುಚ್ಚಿ, ಬಗಲಿನ ಸಣ್ಣ ತೂತು ಹೊಲಿದರೆ ಸ್ವೆಟರ್ ತಯಾರ್.

ಮಕ್ಕಳ ಸ್ವೆಟರಿಗೆ ನಾನು ಕಣ್ಣು ಮುಚ್ಚಿಕೊಂಡು ಎರಡನೆಯದನ್ನೇ ಹೇಳುತ್ತೇನೆ. ಕಾರಣ ಹೊಲಿಗೆಯ ಕೆಲಸ ತಪ್ಪುವುದಷ್ಟೇ ಅಲ್ಲ. ಹೆಣಿಗೆ ಸಲೀಸಾಗಿ ಬಿಚ್ಚಿಕೊಳ್ಳುವುದು ಕುಣಿಕೆ ಮುಚ್ಚಿದ ಕಡೆಯಿಂದ. ಏರಿಸಿದ ಕಡೆಯಿಂದ ಎಳೆದರೆ ಸಿಕ್ಕಿಕೊಳ್ಳುತ್ತದೆ. ಮೇಲಿನಿಂದ ಕೆಳಗೆ ಹೆಣೆದಿದ್ದರೆ ಮುಚ್ಚಿದ ಅಂಚು ಕೆಳಗಿರುತ್ತದೆ. ಮಗು ಉದ್ದವಾದಾಗ ಬಾರ್ಡರ್ ಬಿಚ್ಚಿ, ಕುಣಿಕೆಗಳನ್ನು ಮತ್ತೆ ಕಡ್ಡಿಗೆ ಏರಿಸಿ, ನಾಲ್ಕು ಬೆರಳು ಹೆಣೆದು ಮುಚ್ಚಿದರೆ ಇನ್ನೊಂದು ಚಳಿಗಾಲಕ್ಕೆ ಆಗುತ್ತದೆ. ತೋಳಿಗೂ ಹಾಗೆಯೇ. ಕೆಳಗಿನಿಂದ ಹೆಣೆದ ಸ್ವೆಟರಿನಲ್ಲಿ ಇದು ಇಷ್ಟು ಸುಲಭವಲ್ಲ.

ಸುತ್ತುಕಡ್ಡಿ ಒಂದು ತಂದರೆ ಉದ್ದ ಕಡ್ಡಿಯ ಕೆಲಸವನ್ನೂ ಅದರಲ್ಲೇ ಮಾಡಬಹುದು, ಸಾಲು ಮುಗಿದಾಗ ತಿರುಗಿಸಿ ಹೆಣೆದರಾಯಿತು. ಭಾರವೆಲ್ಲ ಮಡಿಲಲ್ಲಿ ಕೂರುತ್ತದೆ, ಮಣಿಕಟ್ಟಿಗೆ ನೋವಿಲ್ಲ. ವಯಸ್ಸಾದವರಿಗೆ ಇದು ದೊಡ್ಡ ಸಹಾಯ. ತುಂಡು ತುಂಡಾಗಿಯೇ ಮಾಡುವವರು ಎರಡೂ ತೋಳನ್ನು ಒಂದೇ ಸುತ್ತುಕಡ್ಡಿಯ ಮೇಲೆ, ಎರಡು ಉಂಡೆ ಇಟ್ಟುಕೊಂಡು ಜೊತೆಜೊತೆಗೆ ಹೆಣೆಯಿರಿ. ಒಂದು ಮುಗಿದಾಗ ಇನ್ನೊಂದೂ ಮುಗಿದಿರುತ್ತದೆ. ಒಂಟಿ ತೋಳಿನ ಸ್ವೆಟರ್ ಉಳಿಯುವ ಪ್ರಶ್ನೆಯೇ ಇಲ್ಲ.

ಕಡ್ಡಿ ಕೊಳ್ಳುವಾಗ ನಂಬರನ್ನು ನಂಬಬೇಡಿ, ಮಿಲಿಮೀಟರ್ ನೋಡಿ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಹಳೆಯ ಬ್ರಿಟಿಷ್ ನಂಬರ್. ಅದರಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ: 8 ಅಂದರೆ 4 ಮಿಲಿಮೀಟರ್, 10 ಅಂದರೆ 3.25. ಅಮೆರಿಕದ ವಿಡಿಯೋದಲ್ಲಿ 8 ಅಂದರೆ 5 ಮಿಲಿಮೀಟರ್. ಕ್ರೋಶಾದ ಹೆಸರುಗಳಲ್ಲೂ ಇದೇ ಗೊಂದಲ. ಬ್ರಿಟಿಷರ ಡಬಲ್ ಕ್ರೋಶಾ ಅಮೆರಿಕದವರಿಗೆ ಸಿಂಗಲ್ ಕ್ರೋಶಾ. ಪ್ಯಾಟರ್ನ್, ಅಂದರೆ ಹೇಗೆ ಹೆಣೆಯಬೇಕೆಂದು ಬರೆದ ಸೂಚನೆ, ಯಾವ ದೇಶದ್ದು ಅಂತ ಮೊದಲು ನೋಡಿ.

ಅಳತೆಯ ತುಂಡು ಹೆಣೆಯುವುದು ಎಲ್ಲರಿಗೂ ಬೇಜಾರು. ಆದರೂ 10 ಸೆಂಟಿಮೀಟರ್ ಚೌಕ ಹೆಣೆದು, ಒಗೆದು, ಒಣಗಿಸಿ ಎಣಿಸಿ. ಪ್ಯಾಟರ್ನಿನಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ ಇದ್ದು, ಎದೆ ಸುತ್ತಳತೆ 90 ಬೇಕಿದ್ದರೆ 198 ಕುಣಿಕೆ ಏರಿಸುತ್ತೀರಿ. ನಿಮ್ಮ ಕೈಗೆ 20 ಕುಣಿಕೆ ಬರುತ್ತಿದ್ದರೆ ಅದೇ 198 ಕುಣಿಕೆ 99 ಸೆಂಟಿಮೀಟರ್ ಆಗುತ್ತದೆ. ಎರಡೇ ಕುಣಿಕೆಯ ವ್ಯತ್ಯಾಸಕ್ಕೆ ಒಂಬತ್ತು ಸೆಂಟಿಮೀಟರ್ ದೊಗಳೆ.

ಉಲ್ಟಾ-ಸೀದಾ ಬಂತು, ಮುಂದೇನು?

ಮುಂದಿನ ಕಲಿಕೆಗೆ ಮೂರು ದಾರಿ ಮುಖ್ಯ: ಜಡೆ ಹೆಣಿಗೆ, ಜಾಳಿಗೆ ಹೆಣಿಗೆ, ಎರಡು ಬಣ್ಣದ ಹೆಣಿಗೆ. ನೋಡಲು ಜಡೆಯೇ ಕಷ್ಟ ಅನ್ನಿಸುತ್ತದೆ, ಕಲಿಯಲು ಅದೇ ಸುಲಭ. ಆರೋ ಎಂಟೋ ಸಾಲಿಗೊಮ್ಮೆ ಮೂರು ಕುಣಿಕೆಯನ್ನು ಇನ್ನೊಂದು ಚಿಕ್ಕ ಕಡ್ಡಿಗೆ ಹಾಕಿ ಮುಂದೆ ಅಥವಾ ಹಿಂದೆ ಹಿಡಿದು, ಮುಂದಿನ ಮೂರನ್ನು ಮೊದಲು ಹೆಣೆಯುವುದು, ಅಷ್ಟೇ. ಉಳಿದ ಸಾಲುಗಳೆಲ್ಲ ಸಾದಾ. ತಪ್ಪಾದರೆ ಕಣ್ಣಿಗೆ ಕಾಣುತ್ತದೆ. ಆ ಆರು ಕುಣಿಕೆ ಮಾತ್ರ ಕೆಳಗೆ ಬಿಚ್ಚಿ ಸರಿಮಾಡಬಹುದು, ಇಡೀ ಸಾಲು ಬಿಚ್ಚಬೇಕಿಲ್ಲ. ಜಡೆ ಬಟ್ಟೆಯನ್ನು ಒಳಗೆಳೆಯುತ್ತದೆ, ಅಗಲಕ್ಕೆ ಕುಣಿಕೆ ಸ್ವಲ್ಪ ಹೆಚ್ಚು ಬೇಕು ಅನ್ನುವುದು ನೆನಪಿರಲಿ.

ತೂತುತೂತಾಗಿ ಬರುವ ಜಾಳಿಗೆ ಹೆಣಿಗೆ ನಮ್ಮ ಹವೆಗೆ ಚೆನ್ನಾಗಿ ಒಪ್ಪುತ್ತದೆ. ಗಾಳಿಯಾಡುವ ಶಾಲು, ಹತ್ತಿಯ ಮೇಲಂಗಿ ಮಾಡಬಹುದು. ಆದರೆ ತಪ್ಪನ್ನು ಸರಿಪಡಿಸುವುದು ಕಷ್ಟ. ಹತ್ತು ಸಾಲಿಗೊಮ್ಮೆ ಎಲ್ಲ ಕುಣಿಕೆಗಳೊಳಗೆ ಬೇರೆ ಬಣ್ಣದ ಸಣ್ಣ ಹತ್ತಿ ದಾರ ಪೋಣಿಸಿಡಿ. ತಪ್ಪಾದರೆ ಅಲ್ಲಿವರೆಗೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಮುಗಿದ ಮೇಲೆ ಒದ್ದೆ ಮಾಡಿ, ಹಿಗ್ಗಿಸಿ, ಪಿನ್ ಹಾಕಿ ಒಣಗಿಸದಿದ್ದರೆ ಜಾಳಿಗೆ ಮುದುಡಿಯೇ ಉಳಿಯುತ್ತದೆ. ಅಕ್ರಿಲಿಕ್‌ನಲ್ಲಿ ಈ ಹಿಗ್ಗಿಸುವಿಕೆ ಸರಿಯಾಗಿ ನಿಲ್ಲುವುದಿಲ್ಲ. ಅದಕ್ಕೇ ಜಾಳಿಗೆಗೆ ಉಣ್ಣೆ ಅಥವಾ ಹತ್ತಿ.

ಎರಡು ಬಣ್ಣದ ಹೆಣಿಗೆಯಲ್ಲಿ ಬಳಸದ ನೂಲು ಹಿಂದೆ ಹಾದು ಹೋಗುತ್ತದೆ. ಬಟ್ಟೆ ಎರಡು ಪದರವಾಗಿ ಬೆಚ್ಚಗಾಗುತ್ತದೆ, ಹುಬ್ಬಳ್ಳಿಗೆ ಅದು ಜಾಸ್ತಿಯೇ. ಹಿಂದಿನ ನೂಲಿಗೆ ಕೂಸಿನ ಬೆರಳು ಸಿಕ್ಕಿಕೊಳ್ಳುವ ಅಪಾಯವೂ ಇದೆ. ಟೋಪಿ, ಚೀಲಕ್ಕೆ ಸರಿ. ಸ್ವೆಟರಿಗೆ ಚಿತ್ರ ಬೇಕೆಂದರೆ ಇನ್ನೊಂದು ದಾರಿ ಇದೆ. ಧಾರವಾಡದ ಕೈಗಳಿಗೆ ಅದು ಬೇಗ ಬರುತ್ತದೆ.

ಕಸೂತಿ ಗೊತ್ತಿದ್ದವರಿಗೆ ಎಳೆ ಎಣಿಸುವುದು ಅಭ್ಯಾಸ. ಗವಂತಿ, ಮುರ್ಗಿ, ನೇಯ್ಗಿ, ಮೆಂತ್ಯೆ ನಾಲ್ಕೂ ಎಣಿಸಿ ಹಾಕುವ ಹೊಲಿಗೆಗಳೇ. ಸಾದಾ ಸ್ವೆಟರ್ ಹೆಣೆದು ಮುಗಿಸಿ, ಆಮೇಲೆ ಮೊಂಡು ಸೂಜಿಯಲ್ಲಿ ಬೇರೆ ಬಣ್ಣದ ನೂಲು ಹಾಕಿ ಒಂದೊಂದು ಕುಣಿಕೆಯ ಮೇಲೂ ಅದೇ ಆಕಾರದಲ್ಲಿ ಸೂಜಿ ಓಡಿಸಿದರೆ, ಹೆಣೆದೇ ಬಂದ ಹಾಗೆ ಚಿತ್ರ ಮೂಡುತ್ತದೆ. ತಪ್ಪಾದರೆ ಆ ನೂಲು ಎಳೆದು ತೆಗೆದರಾಯಿತು, ಸ್ವೆಟರಿಗೆ ಏನೂ ಆಗುವುದಿಲ್ಲ. ಗೆರೆಗಳಿಂದಲೇ ಆಗುವ ಗವಂತಿ, ಮುರ್ಗಿಯ ಚಿತ್ರಗಳು ಇಲ್ಲಿಗೆ ಹೊಂದುವುದಿಲ್ಲ. ಚೌಕಗಳಿಂದಾಗುವ ಮೆಂತ್ಯೆಯ ಚಿತ್ರಗಳು ಹೊಂದುತ್ತವೆ: ತುಳಸಿಕಟ್ಟೆ, ಆನೆ, ಗೋಪುರ.

ಒಂದು ಸೂಕ್ಷ್ಮ ಇದೆ. ಹೆಣಿಗೆಯ ಕುಣಿಕೆ ಸರಿಯಾದ ಚೌಕವಲ್ಲ. ಅಗಲ ಹೆಚ್ಚು, ಎತ್ತರ ಕಡಿಮೆ. ಸಾಮಾನ್ಯ ಸ್ವೆಟರಿನಲ್ಲಿ 10 ಸೆಂಟಿಮೀಟರ್ ಅಗಲಕ್ಕೆ 20 ಕುಣಿಕೆ ಬಂದರೆ ಅಷ್ಟೇ ಎತ್ತರಕ್ಕೆ ಸುಮಾರು 28 ಸಾಲು ಬೇಕು. ಗ್ರಾಫ್ ಹಾಳೆಯಲ್ಲಿ 20 ಮನೆ ಅಗಲ, 20 ಮನೆ ಎತ್ತರ ಬರೆದ ಗೋಪುರವನ್ನು ಹಾಗೇ ಇಳಿಸಿದರೆ ಅಗಲ 10, ಎತ್ತರ ಬರೀ 7 ಸೆಂಟಿಮೀಟರ್. ಗೋಪುರ ಕುಳ್ಳಾಗಿ ಕೂತುಬಿಡುತ್ತದೆ. ಹಾಗಾಗಿ ಬರೆಯುವಾಗಲೇ ಪ್ರತಿ ಐದು ಸಾಲಿಗೆ ಎರಡು ಸಾಲು ಸೇರಿಸಿ. ಆನೆಯ ಕಾಲು ಉದ್ದ ಮಾಡಿ, ಗೋಪುರಕ್ಕೆ ಇನ್ನೆರಡು ಅಂತಸ್ತು ಕೊಡಿ. ಹಾಳೆಯ ಮೇಲೆ ವಿಚಿತ್ರವಾಗಿ ಕಾಣುತ್ತದೆ, ಉಲ್ಲನ್ ಮೇಲೆ ಸರಿಯಾಗಿ ನಿಲ್ಲುತ್ತದೆ.

ಯಾರಿಂದ ಕಲಿಯಬೇಕು ಅನ್ನುವ ಬಗ್ಗೆ ಎರಡು ಮಾತು. ವಿಡಿಯೋ ಒಂದು ಹೊಸ ವಿಧಾನ ನೋಡಲು ಸಾಕು, ನಿಧಾನ ಮಾಡಿ ಹತ್ತು ಸಲ ನೋಡಬಹುದು. ಆದರೆ ನಿಮ್ಮ ಕೈಯ ಬಿಗಿ ವಿಡಿಯೋಗೆ ಕಾಣುವುದಿಲ್ಲ. ಓಣಿಯಲ್ಲಿ ಹೆಣೆಯುವ ಹಿರಿಯರ ಪಕ್ಕ ಕೂತರೆ ಅವರು ನಿಮ್ಮ ಕುಣಿಕೆ ಮುಟ್ಟಿ ನೋಡಿ ಹೇಳುತ್ತಾರೆ. ಅವರಲ್ಲಿ ಮುಖ್ಯವಾಗಿ ಕೇಳಿ ತಿಳಿಯಬೇಕಾದದ್ದು ಕೊರಳು ಎತ್ತುವುದು, ತೋಳು ಕೂರಿಸುವುದು, ಗುಂಡಿಪಟ್ಟಿ. ಕ್ರೋಶಾ ಮೊದಲು ಕಲಿತವರು ಕಡ್ಡಿ ಹಿಡಿದಾಗ ನೂಲನ್ನು ಎಡಗೈಯಲ್ಲೇ ಇಟ್ಟುಕೊಳ್ಳಿ. ಬಲಗೈಗೆ ಬದಲಾಯಿಸಲೇಬೇಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಕಿಲ್ಲ, ಎರಡೂ ಸರಿಯಾದ ಪದ್ಧತಿಗಳೇ.

ಮುಗಿಸುವುದು

ಪಕ್ಕದ ಹೊಲಿಗೆಗೆ ಎರಡು ಆಯ್ಕೆ. ಎರಡು ತುಂಡಿನ ಸೀದಾ ಮುಖ ಒಳಗೆ ಮಾಡಿ ಹಿಂದಿನಿಂದ ಹೊಲಿಯುವುದು ಬೇಗ ಆಗುತ್ತದೆ, ಆದರೆ ದಪ್ಪ ಏಣು ಉಳಿಯುತ್ತದೆ. ಮ್ಯಾಟ್ರೆಸ್ ಸ್ಟಿಚ್ ನಿಧಾನ, ಆದರೆ ಹೊಲಿದ ಜಾಗವೇ ಕಾಣುವುದಿಲ್ಲ. ಎರಡು ತುಂಡನ್ನೂ ಸೀದಾ ಮುಖ ಮೇಲೆ ಮಾಡಿ ಪಕ್ಕಪಕ್ಕ ಇಡಿ. ಅಂಚಿನ ಕುಣಿಕೆಯನ್ನು ಸ್ವಲ್ಪ ಅಗಲಿಸಿ ನೋಡಿ. ಅದಕ್ಕೂ ಪಕ್ಕದ ಕುಣಿಕೆಗೂ ನಡುವೆ ಅಡ್ಡ ಎಳೆಗಳು ಒಂದರ ಮೇಲೊಂದು ಕಾಣುತ್ತವೆ. ಈ ಕಡೆಯ ಒಂದು ಎಳೆಯ ಕೆಳಗೆ ಸೂಜಿ ಹಾಕಿ, ಆ ಕಡೆಯ ಒಂದರ ಕೆಳಗೆ, ಮತ್ತೆ ಈ ಕಡೆ. ಒಂದು ಬೆರಳುದ್ದ ಆಗುವವರೆಗೆ ನೂಲು ಸಡಿಲವಾಗಿಯೇ ಇರಲಿ. ಆಮೇಲೆ ನೂಲಿನ ತುದಿಯನ್ನು ಮೆಲ್ಲಗೆ ಎಳೆಯಿರಿ. ಎರಡು ಅಂಚೂ ಒಳಗೆ ತಿರುಗಿ, ಎರಡು ತುಂಡು ಒಂದೇ ಬಟ್ಟೆಯಾಗುತ್ತದೆ. ಮೊದಲ ಸಲ ನೋಡಿದವರಿಗೆ ಎಷ್ಟು ಖುಷಿಯಾಗುತ್ತದೆ ಅಂದರೆ, ಇನ್ನೊಂದು ಪಕ್ಕ ಹೊಲಿಯದೆ ಏಳುವುದಿಲ್ಲ. ಭುಜಕ್ಕೆ ಮಾತ್ರ ಬೇರೆ ವಿಧಾನ: ಕುಣಿಕೆ ಮುಚ್ಚದೆ ಎರಡೂ ತುಂಡನ್ನು ಕಡ್ಡಿಯ ಮೇಲೇ ಬಿಟ್ಟಿದ್ದು, ಮೂರನೇ ಕಡ್ಡಿಯಿಂದ ಎರಡನ್ನೂ ಒಟ್ಟಿಗೆ ಹೆಣೆದು ಮುಚ್ಚಿ. ಭುಜ ಜೋಲುವುದಿಲ್ಲ.

ತುದಿಗಳಿಗೆ ಗಂಟು ಹಾಕಬೇಡಿ. ಕಸೂತಿಯಲ್ಲಿ ಹಿಂದೆ ಗಂಟು ಇರಬಾರದು ಅಂತ ನಮ್ಮ ಹಿರಿಯರು ಪಟ್ಟು ಹಿಡಿಯುತ್ತಿದ್ದದ್ದು ಇಲ್ಲಿಗೂ ಸರಿ. ಗಂಟು ಒಗೆದಾಗ ಬಿಚ್ಚುತ್ತದೆ, ಇಲ್ಲವೇ ಮುಂದೆ ಬಂದು ಇಣುಕುತ್ತದೆ. ಗೇಣುದ್ದ ತುದಿ ಬಿಟ್ಟು ಕತ್ತರಿಸಿ. ಹಿಂಬದಿಯಲ್ಲಿ ಒಂದು ದಿಕ್ಕಿಗೆ ನಾಲ್ಕೈದು ಸೆಂಟಿಮೀಟರ್ ಪೋಣಿಸಿ, ತಿರುಗಿ ವಾಪಸ್ ಬನ್ನಿ. ದಿನದ ಕೆಲಸ ಎತ್ತಿಡುವ ಮೊದಲು ಆ ದಿನದ ತುದಿಗಳನ್ನು ಮುಗಿಸುವ ಅಭ್ಯಾಸ ಮಾಡಿಕೊಂಡರೆ ಕೊನೆಗೆ ಏನೂ ಉಳಿಯುವುದಿಲ್ಲ.

ಒಗೆಯುವುದೂ ಮುಗಿಸುವುದರ ಭಾಗವೇ. ಒಗೆಯುವ ಕಲ್ಲಿನ ಹತ್ತಿರಕ್ಕೂ ಒಯ್ಯಬೇಡಿ. ತಣ್ಣೀರಲ್ಲಿ ನೆನೆಸಿ, ಹಿಂಡದೆ ಒತ್ತಿ ನೀರು ತೆಗೆದು, ಟವೆಲಿನಲ್ಲಿ ಸುರುಳಿ ಸುತ್ತಿ ತುಳಿಯಿರಿ. ಆಮೇಲೆ ಚಾಪೆಯ ಮೇಲೆ ಅಳತೆಗೆ ಸರಿಯಾಗಿ ಹರಡಿ. ತಂತಿಗೆ ನೇತು ಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ. ಗದಗಿನ ಬೇಸಿಗೆಯಲ್ಲಿ ನೆರಳಲ್ಲೇ ಬೇಗ ಒಣಗುತ್ತದೆ. ಧಾರವಾಡದ ಜುಲೈ ಜಿಟಿಜಿಟಿಯಲ್ಲಿ ದಿನಗಟ್ಟಲೆ ಹಸಿಯಾಗಿಯೇ ಇದ್ದು ಮುಗ್ಗಲು ವಾಸನೆ ಬರುತ್ತದೆ. ಆಗ ಫ್ಯಾನ್ ಕೆಳಗೆ ಹರಡಿ, ದಿನಕ್ಕೆರಡು ಸಲ ತಿರುವಿ ಹಾಕಿ. ಇಲ್ಲವೇ ಹಬ್ಬಕ್ಕೆ ಬೇಕಾದ ಕೆಲಸವನ್ನು ಮಳೆಗೆ ಮೊದಲೇ ಒಗೆಯುವ ಹಂತಕ್ಕೆ ತನ್ನಿ.

ಹಳೆಯ ಚೀಲದಲ್ಲಿರುವುದನ್ನು ಏನು ಮಾಡುವುದು?

ಮುಗಿಸುವುದೋ, ಬಿಚ್ಚುವುದೋ? ಯಾರಿಗೆ ಅಂತ ಹೆಣೆದಿರೋ ಅವರಿಗೆ ಈಗಲೂ ಆಗುತ್ತದಾ ನೋಡಿ. ಆಗುವುದಾದರೆ, ಉಳಿದದ್ದು ಹೊಲಿಗೆ ಮಾತ್ರ ಆಗಿದ್ದರೆ, ಇವತ್ತೇ ಕೂತು ಮುಗಿಸಿ. ಮಗು ಬೆಳೆದುಬಿಟ್ಟಿದ್ದರೆ ಇನ್ನೊಂದು ಮಗುವಿಗೆ ಮುಗಿಸಿಕೊಡಿ. ಅಳತೆಯೇ ತಪ್ಪಿದ್ದರೆ, ಅಥವಾ ಹೆಣೆಯುವ ಮನಸ್ಸೇ ಬರದಿದ್ದರೆ ಬಿಚ್ಚಿಬಿಡಿ. ಬಿಚ್ಚುವುದು ಸೋಲಲ್ಲ, ನೂಲು ನಿಮ್ಮದೇ.

ಮೊದಲು ಜೋಡಣೆಯ ಹೊಲಿಗೆ ತೆಗೆದು ತುಂಡುಗಳನ್ನು ಬೇರೆ ಮಾಡಿ, ಕುಣಿಕೆ ಮುಚ್ಚಿದ ಕಡೆಯಿಂದ ಎಳೆಯಿರಿ. ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಒತ್ತಿ, ಕೆಳಗೆ ಹಗುರದ ಭಾರ ಕಟ್ಟಿ ನೇತು ಹಾಕಿ. ಉಣ್ಣೆ, ಹತ್ತಿಯ ಸುಕ್ಕು ಹೋಗುತ್ತದೆ. ಅಕ್ರಿಲಿಕ್‌ನಲ್ಲಿ ಸ್ವಲ್ಪ ಉಳಿಯುತ್ತದೆ, ಹೆಣೆದು ಒಗೆದ ಮೇಲೆ ಅಷ್ಟಾಗಿ ಕಾಣುವುದಿಲ್ಲ. ಒಣಗಿದ ಲಡಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕದ ಚೀಟಿ ಕಟ್ಟಿಡಿ. 50 ಗ್ರಾಂ ಇದ್ದರೆ ಒಂದು ಟೋಪಿ. 200 ಗ್ರಾಂ ಇದ್ದರೆ ಎರಡು ವರ್ಷದ ಮಗುವಿಗೆ ಕೊರಳಿನಿಂದ ಕೆಳಗೆ ಒಂದು ಸ್ವೆಟರ್. ಮೊದಲು ತೋಳು ಹೆಣೆದುಕೊಳ್ಳಿ, ಮೈಭಾಗ ಕೊನೆಗಿರಲಿ. ಬಾರ್ಡರಿಗೆ ಬೇಕಾದಷ್ಟು ನೂಲು ಎತ್ತಿಟ್ಟುಕೊಂಡು, ಉಳಿದದ್ದು ಎಲ್ಲಿವರೆಗೆ ಬರುತ್ತದೋ ಅಲ್ಲಿಗೆ ಸ್ವೆಟರಿನ ಉದ್ದ.